ವಾಪಸು ಕೊಡಬೇಕಿದ್ದ ಮುಖ

ತಡವಾಗಿ ಬಂದ ಅರ್ಜಿಗಳಿಗೆ ಗೂಡಲೂರಿನ ತಾಲ್ಲೂಕು ಕಚೇರಿಯಲ್ಲಿ ಬೇರೆ ಕಪಾಟು ಇರಲಿಲ್ಲ. ಕೆಟ್ಟು ಕೂತಿದ್ದ ಟೈಪ್‌ರೈಟರಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ಕೊನೆಯ ದಿನ ಕಳೆದ ಮೇಲೆ ಬಂದದ್ದೆಲ್ಲ ಅದರೊಳಗೆ ಬೀಳುತ್ತಿತ್ತು. ಚುನಾವಣೆ ವಿಭಾಗ ನೋಡಿಕೊಳ್ಳುತ್ತಿದ್ದ ಗೋಪಾಲನ್ ಆ ಪೆಟ್ಟಿಗೆಗೆ ‘ಮುಂದಿನ ಜನ್ಮ’ ಅಂತ ಹೆಸರಿಟ್ಟಿದ್ದರು. ಯಾರಾದರೂ ಬಂದು ನಮ್ಮ ಅರ್ಜಿ ಏನಾಯ್ತು ಅಂತ ಕೇಳಿದರೆ ಕನ್ನಡಕದ ಮೇಲಿಂದ ಅತ್ತ ನೋಡಿ, “ಮುಂದಿನ ಜನ್ಮದಲ್ಲಿದೆ, ಎಲೆಕ್ಷನ್ ಮುಗೀಲಿ” ಅನ್ನುತ್ತಿದ್ದರು. ಕೆಟ್ಟ ಮನುಷ್ಯನೇನಲ್ಲ. ಮೂವತ್ತು ವರ್ಷ ಕಾಗದದ ನಡುವೆ ಕೂತವರಿಗೆ ಬರುವ ಒಂದು ಬಗೆಯ ತಮಾಷೆ ಅದು.

2006ರ ಫೆಬ್ರವರಿಯಲ್ಲಿ ಆ ಪೆಟ್ಟಿಗೆಯಿಂದ ನಲವತ್ತಮೂರು ಅರ್ಜಿಗಳನ್ನು ಹೊರಗೆಳೆದವಳು ಅವರ ಕೈಕೆಳಗಿನ ಗುಮಾಸ್ತೆ ರಾಜಾಮಣಿ. ಅವೆಲ್ಲ ತೊರಪಳ್ಳಿಯಿಂದಾಚೆ ಕಾಡಿನೊಳಗಿದ್ದ ಒಂದು ಹಾಡಿಯವರದು. ಮತದಾರರ ಪಟ್ಟಿಗೆ ಹೆಸರು ಸೇರಿಸುವ ತಿಂಗಳಲ್ಲಿ ಅವರು ಅರಣ್ಯ ಇಲಾಖೆಯ ಕೂಲಿಗೆ ಹೋಗಿದ್ದರು. ಬೇಸಿಗೆಯ ಕಾಳ್ಗಿಚ್ಚು ದಾಟದ ಹಾಗೆ ಒಣಹುಲ್ಲು ಸವರಿ ಬಯಲು ಮಾಡುವ ಆ ಕೆಲಸ ವರ್ಷಕ್ಕೊಮ್ಮೆ ಸಿಗುವಂಥದ್ದು, ಬಿಟ್ಟರೆ ಹೋಯಿತು. ಕೆಲಸ ಮುಗಿಸಿ, ಅರ್ಜಿಗಳನ್ನು ಅಕ್ಕಿಚೀಲದಲ್ಲಿ ಸುತ್ತಿಕೊಂಡು ಗೂಡಲೂರಿಗೆ ಬರುವ ಹೊತ್ತಿಗೆ ನಲವತ್ತು ದಿನ ತಡವಾಗಿತ್ತು.

“ನಾಮಪತ್ರದ ಕೊನೇ ದಿನದ ತನಕ ಸೇರಿಸಬಹುದು ಅಂತ ಸುತ್ತೋಲೆಯಲ್ಲೇ ಇದೆ ಸಾರ್,” ಅಂದಳು ರಾಜಾಮಣಿ.

“ಇದೆ. ಸುತ್ತೋಲೆಯಲ್ಲಿ ಏನು ತಾನೇ ಇಲ್ಲ? ವಯಸ್ಸಿಗೆ ದಾಖಲೆ ಎಲ್ಲಿ? ಈ ಅಜ್ಜಂದು ನೋಡಿ, ‘ದೊಡ್ಡ ಬೆಂಕಿ ಬಿದ್ದ ವರ್ಷ ಹುಟ್ಟಿದ್ದು.’ ಯಾವ ಬೆಂಕಿ? ಅಲ್ಲಿರೋ ಆನೆಗೂ ಒಂದು ಫಾರಂ ಕೊಟ್ಟುಬಿಡಿ, ಅದೂ ಅಲ್ಲೇ ಹುಟ್ಟಿದ್ದು.”

“ಆನೆ ಆಗಿದ್ರೆ ಟೈಮಿಗೆ ಸರಿಯಾಗಿ ಬಂದಿರ್ತಿತ್ತು ಸಾರ್.”

ಗೋಪಾಲನ್ ನಕ್ಕರು. ಅವರು ನಕ್ಕರೆಂದರೆ ಅರ್ಧ ಸಹಿ ಬಿದ್ದಂತೆಯೇ. ಇನ್ನರ್ಧಕ್ಕೆ ರಾಜಾಮಣಿ ಎರಡು ಶನಿವಾರ ಕೂತು, ವಸತಿ ಶಾಲೆಯ ಹಳೆಯ ಹಾಜರಿ ಪುಸ್ತಕ ತರಿಸಿ, ಶಾಲೆಗೆ ಹೋಗದವರಿಗೆ ಅಪ್ಪ ಅಮ್ಮಂದಿರಿಂದ, ಅವರಿಲ್ಲದಿದ್ದರೆ ಹಾಡಿಯ ಹಿರಿಯರಿಂದ, ಹೆಬ್ಬೆಟ್ಟಿನ ಹೇಳಿಕೆ ಬರೆಸಿಕೊಂಡು, ನಲವತ್ತಮೂರನ್ನೂ ಒಂದು ದಾರದಲ್ಲಿ ಪೋಣಿಸಿ ಅವರ ಮೇಜಿನ ಮೇಲಿಟ್ಟಳು.

ಅವಳಿಗೆ ಆಗ ನಲವತ್ತಾರು. ಊಟಿ ಕಡೆ ನಂಜನಾಡಿನ ಹತ್ತಿರದ ಬಡಗರ ಹಟ್ಟಿಯೊಂದರಲ್ಲಿ ಆಲೂಗಡ್ಡೆ ಹೊಲಗಳ ನಡುವೆ ಬೆಳೆದವಳು, ಕಂದಾಯ ಇಲಾಖೆಯ ಭೋಜನ್‌ನನ್ನು ಮದುವೆಯಾಗಿ ಗೂಡಲೂರಿಗೆ ಬಂದಿದ್ದಳು. ಭೋಜನ್ ಕೆಲಸದಲ್ಲಿರುವಾಗಲೇ ತೀರಿಕೊಂಡ. ಮಗಳು ರಮ್ಯಾಗೆ ಆಗ ಐದು ವರ್ಷ. ಅನುಕಂಪದ ಆಧಾರದ ಮೇಲೆ ಗಂಡನ ಇಲಾಖೆಯಲ್ಲೇ ರಾಜಾಮಣಿಗೆ ಕೆಲಸ ಸಿಕ್ಕಿ ಹನ್ನೆರಡು ವರ್ಷವಾಗಿತ್ತು. ಗಂಡ ಸತ್ತು ಸಿಕ್ಕಿದ ಕುರ್ಚಿ ಎಂಬ ಮಾತು ಈಗ ಯಾರ ಬಾಯಲ್ಲೂ ಇರಲಿಲ್ಲ. ಅವಳ ಕಿವಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಆ ಕುರ್ಚಿಯಲ್ಲಿ ಕೂತು ತಾನೇ ಮಾಡಿದ್ದು ಅಂತ ಹೇಳಿಕೊಳ್ಳುವ ಒಂದು ಕೆಲಸ ಅವಳಿಗೆ ಬೇಕಾಗಿತ್ತು. ದಾರದಲ್ಲಿ ಪೋಣಿಸಿದ ಆ ಕಟ್ಟು ಅವಳಿಗೆ ಅಂಥದ್ದಾಗಿ ಕಂಡಿತ್ತು.

ಮಾರ್ಚಿನಲ್ಲಿ ತೊರಪಳ್ಳಿಯ ಶಾಲೆಯಲ್ಲಿ ಗುರುತಿನ ಚೀಟಿಗೆ ಫೋಟೋ ತೆಗೆದರು. ಗುತ್ತಿಗೆ ಹಿಡಿದಿದ್ದವನು ಗೂಡಲೂರಿನ ಸ್ಟುಡಿಯೋದ ಸುಂದರ್. ಗೋಡೆಗೆ ನೀಲಿ ಬಟ್ಟೆ ಹೊಡೆದು, ಮುಂದೆ ಸ್ಟೂಲ್ ಇಟ್ಟು, ಒಬ್ಬೊಬ್ಬರ ಕೈಗೂ ನಂಬರು ಬರೆದ ಸ್ಲೇಟು ಕೊಟ್ಟು ಕೂರಿಸುತ್ತಿದ್ದ. ಹಾಡಿಯವರಲ್ಲಿ ಎಷ್ಟೋ ಮಂದಿಗೆ ಅದು ಬದುಕಿನ ಮೊದಲ ಫೋಟೋ. ಚೆನ್ನಿ ಎಂಬ ಹೆಂಗಸಿನ ಮಗಳು ವಸಂತಿ, ಹತ್ತೊಂಬತ್ತರ ಹುಡುಗಿ, ಸ್ಟೂಲಿನ ಮೇಲೆ ಕೂತ ಕೂಡಲೇ ನಗತೊಡಗಿದಳು.

“ನಗಬೇಡಮ್ಮಾ, ಸರ್ಕಾರಿ ಫೋಟೋ,” ಅಂದ ಸುಂದರ್.

“ಸರ್ಕಾರ ನಗೋದೇ ಇಲ್ವಾ?”

“ನಗ್ತದೆ. ಓಟು ಹಾಕಿದ ಮೇಲೆ ನಗ್ತದೆ. ಈಗ ಬಾಯಿ ಮುಚ್ಚು.”

ಅವಳು ತುಟಿ ಬಿಗಿ ಹಿಡಿದಳು. ಹಾಗೆ ಹಿಡಿದ ನಗುವೇ ಫೋಟೋದಲ್ಲಿ ಬಿತ್ತು. ಆಮೇಲೆ ಚೆನ್ನಿಯ ಸರದಿ. ಅವಳು ಸ್ಟೂಲಿನ ಹತ್ತಿರ ಬಂದವಳು ಕೂರದೆ ರಾಜಾಮಣಿಯ ಕಡೆ ತಿರುಗಿದಳು. ಇಬ್ಬರ ಮಾತೂ ಬೇರೆ. ರಾಜಾಮಣಿಯದು ಬಡಗು, ಚೆನ್ನಿಯದು ಕಾಡಿನವರ ಮಾತು. ಆದರೂ ಎರಡೂ ಹೇಗೋ ಅರ್ಧ ದಾರಿಗೆ ಬಂದು ಕೂಡಿಕೊಳ್ಳುತ್ತಿದ್ದವು.

“ಮುಖ ತಕ್ಕೊಂಡು ಎಲ್ಲಿ ಇಡ್ತೀರಿ ಅಮ್ಮಾ?”

“ಎಲ್ಲೂ ಇಡಲ್ಲ ಚೆನ್ನಿ. ಕಾರ್ಡಿನ ಮೇಲೆ ಹಾಕಿ ನಿಮ್ಮ ಕೈಗೇ ವಾಪಸು ಕೊಡ್ತೀವಿ.”

“ನನ್ನದು ಇರಲಿ. ಇವಳದು?”

“ಇವಳದೂ ಅಷ್ಟೆ. ನಾನೇ ತಂದು ಕೊಡ್ತೀನಿ, ಕೂತ್ಕೋ.”

ಹಿಂದೆ ಸಾಲು ಬೆಳೆಯುತ್ತಿತ್ತು. ಆ ಅವಸರದಲ್ಲಿ ಹೇಳಿದ ಮಾತು ಅದು. ಚೆನ್ನಿ ಅದನ್ನು ಎರಡು ಸಲ ಮೆಲ್ಲಗೆ ತನಗೇ ಹೇಳಿಕೊಂಡು, ಆಮೇಲೆ ಸ್ಟೂಲಿನ ಮೇಲೆ ಕೂತಳು.

ಮೇ ತಿಂಗಳಲ್ಲಿ ಚುನಾವಣೆ ಆಯಿತು. ಹೆಸರು ಪಟ್ಟಿಗೆ ಸೇರಿದ್ದರಿಂದ ನಲವತ್ತಮೂರು ಜನವೂ ಬೆರಳಿಗೆ ಶಾಯಿ ಹಾಕಿಸಿಕೊಂಡರು. ಆದರೆ ತಡವಾದ ಅರ್ಜಿಗಳ ಕಾರ್ಡು ಊಟಿಯಿಂದ ಬಂದದ್ದು ಜುಲೈ ಕೊನೆಗೆ. ರಾಜಾಮಣಿ ಹಂಚಲು ಹೋದಾಗ ನಲವತ್ತೊಂದು ಕೈಗಳು ಮುಂದೆ ಬಂದವು. ವಸಂತಿ ಜೂನಿನ ಮೊದಲ ಮಳೆಯಲ್ಲಿ ಎಂಟು ದಿನ ಜ್ವರ ಬಂದು ಹೋಗಿಬಿಟ್ಟಿದ್ದಳು. ಅಂದು ಚೆನ್ನಿ ಗುಡಿಸಲಿನಿಂದ ಹೊರಗೆ ಬರಲಿಲ್ಲ. ಅವಳ ಕಾರ್ಡನ್ನೂ ಗಂಡ ಸಣ್ಣನೇ ಇಸಿದುಕೊಂಡ. ಉಳಿದ ಒಂದು ಕಾರ್ಡನ್ನು ರಾಜಾಮಣಿ ಚೀಲಕ್ಕೆ ಹಾಕಿಕೊಂಡು ತಂದು ಮೇಜಿನ ಡ್ರಾಯರಿನಲ್ಲಿಟ್ಟಳು. ಮರುದಿನವೇ ರದ್ದು ಮಾಡಬೇಕಿತ್ತು. ಇವತ್ತು ನಾಳೆ ಅನ್ನುತ್ತ ಅದು ಅಲ್ಲೇ ಉಳಿಯಿತು. ಬೇರೆ ಫೈಲು ತೆಗೆಯುವಾಗ ಎಂದಾದರೊಮ್ಮೆ ಆ ಬಿಗಿ ಹಿಡಿದ ತುಟಿ ಕಂಡು, ಡ್ರಾಯರು ಮೆಲ್ಲಗೆ ಮುಚ್ಚುತ್ತಿದ್ದಳು.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಚೆನ್ನಿ ಬಂದಳು. ಒಬ್ಬಳೇ ಬಂದಿದ್ದಳು. ಬಾಗಿಲ ಹೊರಗೇ ನಿಂತಿದ್ದಳು, ಯಾರೂ ಕರೆಯದೆ ಎಷ್ಟು ಹೊತ್ತಾಗಿತ್ತೋ. ಮೈ ಇಳಿದುಹೋಗಿತ್ತು. ಕತ್ತಿನ ಮಣಿಸರ ಇರಲಿಲ್ಲ.

“ಒಳಗೆ ಬಾ ಚೆನ್ನಿ. ಊಟ ಆಯ್ತಾ?”

“ಅವಳ ಮುಖ ಕೊಡಿ ಅಮ್ಮಾ.”

“ವಸಂತೀದಾ?”

ಚೆನ್ನಿ ಹೆಸರು ಕೇಳಿದ್ದೇ ನೆಲ ನೋಡಿದಳು. ಅವರಲ್ಲಿ ಸತ್ತವರ ಹೆಸರು ಎತ್ತುವುದಿಲ್ಲವೆಂದು ರಾಜಾಮಣಿಗೆ ತಟ್ಟನೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

“ಮಳೆ ನಿಂತ ಮೇಲೆ ಹುಣ್ಣಿಮೆ ಆದ ನಾಕನೇ ದಿನ ಅವಳ ಕಾರ್ಯ,” ಅಂದಳು ಚೆನ್ನಿ. “ಅಷ್ಟರೊಳಗೆ ಬೇಕು. ನೀವೇ ತಂದು ಕೊಡ್ತೀನಿ ಅಂದಿದ್ರಿ.”

ಪಕ್ಕದ ಮೇಜಿನಿಂದ ಗೋಪಾಲನ್ ಕತ್ತೆತ್ತಿದರು. ಸತ್ತವರ ಕಾರ್ಡು ಯಾರ ಕೈಗೂ ಹೋಗಕೂಡದು ಎಂಬುದು ನಿಯಮ. ನಾಳೆ ಇನ್ಯಾರೋ ಅದನ್ನು ಹಿಡಿದು ಓಟು ಹಾಕಿದರೆ? ಕತ್ತರಿಸಿ, ರಿಜಿಸ್ಟರಿನಲ್ಲಿ ಬರೆದು, ತುಂಡುಗಳನ್ನು ಲಕೋಟೆಯಲ್ಲಿ ಹಾಕಿ ಊಟಿಗೆ ಕಳಿಸಬೇಕು. ರಾಜಾಮಣಿ ಅದನ್ನೇ ತನಗೆ ತಿಳಿದಷ್ಟು ಮೆತ್ತಗೆ ಹೇಳಿದಳು. ಚೆನ್ನಿ ಜಗಳಕ್ಕೆ ಬರಲಿಲ್ಲ. ಕೇಳಿಸಿಕೊಂಡು, ಮತ್ತೆ ಅದೇ ಮಾತು ಅಂದಳು: “ವಾಪಸು ಅಂದಿದ್ರಿ.”

“ಏನಾದ್ರೂ ಮಾಡ್ತೀನಿ ಚೆನ್ನಿ. ಕಾರ್ಯದ ದಿನಕ್ಕೆ ಮೊದಲು ನಾನೇ ಹಾಡಿಗೆ ಬರ್ತೀನಿ. ಅವಳ ಮುಖ ತಗೊಂಡೇ ಬರ್ತೀನಿ.”

ರಾಜಾಮಣಿ ಕೇಳಿಸಿಕೊಂಡದ್ದು ಸರಿಯಾಗಿಯೇ. ಅರ್ಥ ಮಾಡಿಕೊಂಡದ್ದು ಮಾತ್ರ ತನ್ನ ಮನೆಯ ಗೋಡೆಯನ್ನು ನೋಡಿ. ಅವಳ ಮನೆಯ ನಡುಕೋಣೆಯ ಗೋಡೆಯಲ್ಲಿ ಭೋಜನ್ ಇದ್ದ. ಸರ್ವೀಸ್ ಪುಸ್ತಕದಲ್ಲಿ ಅಂಟಿಸಿದ್ದ ಅಂಗೈಯಷ್ಟೂ ಇಲ್ಲದ ಫೋಟೋವನ್ನು, ಅವನು ತೀರಿಕೊಂಡ ಹನ್ನೊಂದನೇ ದಿನಕ್ಕೆ ಇದೇ ಸುಂದರ್ ದೊಡ್ಡದು ಮಾಡಿಕೊಟ್ಟಿದ್ದ. ವರ್ಷಾಬ್ದಿಕಕ್ಕೆ ಅದಕ್ಕೆ ಹೂವಿನ ಹಾರ, ದಿನಾ ಸಂಜೆ ಕೆಳಗೊಂದು ಕೆಂಪು ಬಲ್ಬು. ರಮ್ಯಾ ಪರೀಕ್ಷೆಗೆ ಹೊರಡುವಾಗ ಅದರ ಮುಂದೆ ನಿಂತು, “ಅಪ್ಪಾ, ಬರ್ತೀನಿ” ಅಂತ ಹೇಳಿ ಹೋಗುತ್ತಿದ್ದಳು. ಐದು ವರ್ಷದ ಮಗುವಿಗೆ ಅಪ್ಪನ ನೆನಪು ಎಷ್ಟಿರುತ್ತದೆ? ಆ ಫೋಟೋ ಇಲ್ಲದೆ ಹೋಗಿದ್ದರೆ ಮಗಳಿಗೆ ಅಪ್ಪನೇ ಇರುತ್ತಿರಲಿಲ್ಲ ಎಂದು ರಾಜಾಮಣಿ ಎಷ್ಟೋ ಸಲ ಅಂದುಕೊಂಡಿದ್ದಳು. ಪಾಪ, ಚೆನ್ನಿಗೆ ಅಷ್ಟೂ ಇಲ್ಲ. ಮಗಳದು ಅಂತ ಇರುವ ಒಂದೇ ಒಂದು ಚಿತ್ರ ಸರ್ಕಾರದ ಡ್ರಾಯರಿನಲ್ಲಿದೆ.

ಮರುದಿನ ಊಟದ ಬಿಡುವಿನಲ್ಲಿ ಅವಳು ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಸುಂದರನ ಸ್ಟುಡಿಯೋಗೆ ಹೋದಳು.

“ಕಾರ್ಡು ಬೇಡ ಅಕ್ಕಾ, ಇದರಲ್ಲಿ ಮುಖ ಚುಕ್ಕಿ ಚುಕ್ಕಿ ಬರ್ತದೆ,” ಅಂದ ಸುಂದರ್. “ಕ್ಯಾಂಪಿನಲ್ಲಿ ತೆಗೆದದ್ದು ನನ್ನ ಕಂಪ್ಯೂಟರಿನಲ್ಲೇ ಇದೆ. ಆ ನಗ್ತಾ ಇದ್ದ ಹುಡುಗಿ ತಾನೇ?”

ಪರದೆಯ ಮೇಲೆ ವಸಂತಿ ಬಂದಳು, ಗೇಣು ಎತ್ತರದ ಮುಖ. ಸುಂದರ್ ಸ್ಲೇಟನ್ನು ಅಳಿಸಿದ. ನೀಲಿ ಬಟ್ಟೆಯ ಸುಕ್ಕು ತೆಗೆದು ಹಿಂದೆ ತಿಳಿಮೋಡ ಹಾಕಿದ. ಹಣೆಗೆ ಬೊಟ್ಟು ಇಡಲಾ ಅಂತ ಕೇಳಿದ, ರಾಜಾಮಣಿ ಸ್ವಲ್ಪ ಯೋಚಿಸಿ ಇಡು ಅಂದಳು. ಚಿನ್ನದ ಬಣ್ಣದ ಚೌಕಟ್ಟು, ಗಾಜು. ಸಿದ್ಧವಾದದ್ದನ್ನು ನೋಡಿ ಅವಳ ಕಣ್ಣು ತುಂಬಿತು. ಹಾಡಿಯಲ್ಲಿ ಯಾರ ಮನೆಯಲ್ಲೂ ಇಲ್ಲದಂಥದ್ದು ಚೆನ್ನಿಯ ಮನೆಯಲ್ಲಿ ಇರುತ್ತದೆ ಅಂದುಕೊಂಡಳು.

ಅದೇ ವಾರ ಕಾರ್ಡಿನ ಕೆಲಸವನ್ನೂ ಮುಗಿಸಿದಳು. ಕತ್ತರಿ ಹಿಡಿದು ಅಂಚಿನಲ್ಲಿ, ಮುಖಕ್ಕೆ ತಾಗದ ಹಾಗೆ ಕತ್ತರಿಸಲು ಹೊರಟಾಗ ಗೋಪಾಲನ್ ತಡೆದರು. “ಮಧ್ಯಕ್ಕೆ, ರಾಜಾಮಣಿ. ಅಂಚು ಕತ್ತರಿಸಿದ್ರೆ ಆಡಿಟ್‌ನವರು ನನ್ನ ಕುತ್ತಿಗೆ ಕತ್ತರಿಸ್ತಾರೆ.” ಅವಳು ಮಧ್ಯಕ್ಕೇ ಕತ್ತರಿಸಿದಳು. ಮನಸ್ಸಿಗೆ ಅಷ್ಟೇನೂ ನೋವಾಗಲಿಲ್ಲ. ಇದಕ್ಕಿಂತ ಒಳ್ಳೆಯದು ಮನೆಯಲ್ಲಿ ಚೌಕಟ್ಟಿನೊಳಗೆ ಇತ್ತಲ್ಲ. ಎರಡು ತುಂಡುಗಳೂ ಲಕೋಟೆ ಸೇರಿ ಸಂಜೆಯ ಟಪ್ಪಾಲಿನಲ್ಲಿ ಊಟಿಗೆ ಹೋದವು.

ಕಾರ್ಯದ ಹಿಂದಿನ ದಿನ ಅವಳು ರಜೆ ಹಾಕಿ, ಚೌಕಟ್ಟನ್ನು ಹಳೆಯ ರೇಷ್ಮೆ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಮೈಸೂರು ಬಸ್ಸು ಹತ್ತಿದಳು. ತೊರಪಳ್ಳಿಯಲ್ಲಿ ಇಳಿದು ಜೀಪಿನ ಜಾಡು ಹಿಡಿದು ನಡೆದಳು. ಮಳೆ ನಿಂತು ಹತ್ತು ದಿನವಾಗಿ, ಲಂಟಾನದ ಪೊದೆಗಳ ಮೇಲೆಲ್ಲ ಹೂವು. ಹಾಡಿಯ ಅಂಗಳದಲ್ಲಿ ಹೆಂಗಸರು ರಾಗಿ ಬೀಸುತ್ತಿದ್ದರು. ಚೆನ್ನಿಯ ಗುಡಿಸಲ ಮುಂದೆ ಒಂದು ಹೊಸ ಬಿದಿರು ಬುಟ್ಟಿ ಇತ್ತು. ಅದರಲ್ಲಿ ಒಂದು ತಟ್ಟೆ, ಬಾಚಣಿಗೆ, ಗಾಜಿನ ಬಳೆಗಳು, ಮಡಿಸಿದ ಎರಡು ಲಂಗ, ಚಾಪೆ, ಶಾಲೆಯಲ್ಲಿ ಕೊಟ್ಟಿದ್ದ ತವರದ ಪೆಟ್ಟಿಗೆ.

ರಾಜಾಮಣಿಯನ್ನು ಕಂಡು ಚೆನ್ನಿಯ ಮುಖ ಅರಳಿತು. ಆ ಅರಳಿದ ಮುಖವೇ ರಾಜಾಮಣಿಯನ್ನು ಆಮೇಲೆ ತಿಂಗಳುಗಟ್ಟಲೆ ಕಾಡಿದ್ದು. “ತಂದ್ರಾ?” ಅಂತ ಎರಡೂ ಕೈ ಚಾಚಿದಳು. ರಾಜಾಮಣಿ ಸೆರಗು ಬಿಚ್ಚಿ ಚೌಕಟ್ಟನ್ನು ಅವಳ ಕಡೆ ತಿರುಗಿಸಿ ಹಿಡಿದಳು.

ಬೀಸುವ ಕಲ್ಲು ನಿಂತಿತು. ಚೆನ್ನಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಂಗಳದಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಮುಖ ತಿರುಗಿಸಿ ನಿಂತರು. ಒಬ್ಬಳು ಮಗುವಿನ ಕಣ್ಣಿಗೆ ಕೈ ಅಡ್ಡ ಹಿಡಿದಳು. ಮೋಡದ ನಡುವಿನಿಂದ, ಎಂದೂ ಇಡದ ಬೊಟ್ಟು ಇಟ್ಟುಕೊಂಡು, ವಸಂತಿ ಎಲ್ಲರನ್ನೂ ನೋಡುತ್ತಿದ್ದಳು. ಸ್ಟೂಲಿನ ಮೇಲೆ ತಡೆಹಿಡಿದಿದ್ದ ನಗು ಇಷ್ಟು ದೊಡ್ಡದಾದ ಮೇಲೆ ನಗುವಾಗಿ ಉಳಿದಿರಲಿಲ್ಲ. ಏನನ್ನೋ ಹೇಳಲು ಹೋಗಿ ಬಾಯಿ ಕಟ್ಟಿದವಳ ಹಾಗೆ ಕಂಡಳು.

ಗುಡಿಸಲಿನಿಂದ ಚೆನ್ನಿಯ ಗಂಡ ಸಣ್ಣ ಬಂದು, ಹೆಗಲ ಮೇಲಿನ ಟವೆಲನ್ನು ಚೌಕಟ್ಟಿನ ಮೇಲೆ ಹೊದಿಸಿದ.

“ಏನಾಯ್ತು ಚೆನ್ನಿ? ಗೋಡೆಗೆ ಹಾಕೋಕೆ ಅಂತ...”

“ಗೋಡೆಗೆ ಯಾಕಮ್ಮಾ?” ಚೆನ್ನಿಯ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು. “ನಾಳೆ ಅವಳದು ಎಲ್ಲಾ ಮಣ್ಣು ಮಾಡಿದ ಕಡೆ ಅವಳ ಹತ್ರ ಇಟ್ಟು ಬರ್ತೀವಿ. ಬಳೆ, ತಟ್ಟೆ, ಚಾಪೆ. ಏನೂ ಇಲ್ಲಿ ಉಳೀಬಾರದು. ಉಳಿದ್ರೆ ಅದನ್ನ ಹಿಡ್ಕೊಂಡು ಇಲ್ಲೇ ನಿಂತುಬಿಡ್ತಾಳೆ. ಅವಳ ಮುಖ ಒಂದು ನಿಮ್ಮ ಹತ್ರ ಇತ್ತು. ಅದಕ್ಕೇ ಅವಳಿಗೆ ಹೋಗೋಕೆ ಆಗ್ತಿಲ್ಲ. ಕನಸಿನಲ್ಲಿ ಬಂದು ಆ ಅಂಗಳದ ತುದೀಲಿ ನಿಂತ್ಕೋತಾಳೆ. ಒಳಗೂ ಬರಲ್ಲ, ಆಚೆಗೂ ಹೋಗಲ್ಲ.”

ರಾಜಾಮಣಿ ಚೌಕಟ್ಟನ್ನು ಟವೆಲಿನ ಸಮೇತ ಕೆಳಗಿಳಿಸಿದಳು.

“ನಾನು ಕೇಳಿದ್ದು ಇದ್ದದ್ದನ್ನ ಅಮ್ಮಾ,” ಅಂದಳು ಚೆನ್ನಿ. “ನೀವು ಹೆಚ್ಚು ಮಾಡಿ ತಂದ್ರಿ.”

ಕೂರಲು ಯಾರೋ ಮಣೆ ತಂದಿಟ್ಟರು. ರಾಜಾಮಣಿ ಕೂತಳು. ಅವಳ ಜನವೂ ಸತ್ತವರನ್ನು ಮಣ್ಣಿಗೇ ಕೊಡುವವರು. ಭೋಜನ್‌ನ ಕೊರಳಲ್ಲಿದ್ದ ಲಿಂಗವನ್ನು ಅವನ ಅಂಗೈಯಲ್ಲೇ ಇಟ್ಟು, ಕೂರಿಸಿ, ವಿಭೂತಿ ಸುರಿದು ಮುಚ್ಚಿದ್ದರು. ಅವನದು ಅವನ ಜೊತೆಗೇ ಹೋಗಬೇಕು ಅಂತ ಅಂದು ಹಟ್ಟಿಯ ಹಿರಿಯರು ಹೇಳಿದಾಗ ಅದು ಅವಳಿಗೆ ಸಹಜವಾಗಿಯೇ ತೋರಿತ್ತು. ಇಷ್ಟು ತಿಳಿದವಳಿಗೆ ಇದು ಯಾಕೆ ತಿಳಿಯಲಿಲ್ಲ? ಅವಳು ಕಣ್ಣು ಮುಚ್ಚಿ ಗಂಡನ ಮುಖ ನೆನೆದಳು. ಸರ್ವೀಸ್ ಪುಸ್ತಕದ ಫೋಟೋ ಬಂತು, ಕತ್ತಿನ ಗುಂಡಿ ಹಾಕಿದ ಅಂಗಿ, ನೆಟ್ಟಗಿನ ಕತ್ತು. ಅವನು ಬದುಕಿದ್ದಾಗ ಒಂದು ದಿನವೂ ಕತ್ತು ಹಾಗೆ ನೆಟ್ಟಗೆ ಇಟ್ಟವನಲ್ಲ. ಮಾತಾಡುವಾಗ ಎಡಕ್ಕೆ ವಾಲಿಸುತ್ತಿದ್ದ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿತ್ತಷ್ಟೆ, ಕಣ್ಣಿಗೆ ಬರಲಿಲ್ಲ. ಹನ್ನೆರಡು ವರ್ಷದಿಂದ ಗೋಡೆಯ ಮೇಲಿದ್ದವನು ಆ ಇನ್ನೊಬ್ಬನನ್ನು ಯಾವಾಗಲೋ ಮೆಲ್ಲಗೆ ಹೊರಗೆ ಹಾಕಿದ್ದ. ಅವಳು ಕಣ್ಣು ಬಿಟ್ಟಳು.

“ಆ ಚಿಕ್ಕ ಕಾರ್ಡು ಎಲ್ಲಿ ಅಮ್ಮಾ?”

“ಕತ್ತರಿಸಿಬಿಟ್ಟೆ ಚೆನ್ನಿ. ಊಟಿಗೆ ಹೋಯ್ತು. ಅಲ್ಲಿ ಸುಟ್ಟುಬಿಡ್ತಾರೆ.”

ಚೆನ್ನಿ ‘ಕತ್ತರಿಸಿ’ ಎಂಬ ಮಾತಿಗೆ ಒಂದು ಸಲ ಉಸಿರೆಳೆದಳು. ಆಮೇಲೆ ತನ್ನೊಳಗೇ ಏನೋ ಲೆಕ್ಕ ಹಾಕಿದಂತೆ ತಲೆಯಾಡಿಸಿದಳು. ಸುಟ್ಟರೆ ಸರಿ. ಅದು ಹೋಯಿತು. ಹಾಗಾದರೆ ಉಳಿದದ್ದು ಇದು. ಇದನ್ನು ನಾಳೆ ಬುಟ್ಟಿಯ ಜೊತೆ ಒಯ್ಯಬಹುದು. ಸಣ್ಣನ ಕಡೆ ತಿರುಗಿ ಏನೋ ಹೇಳಿದಳು. ಅವನು ಚೌಕಟ್ಟನ್ನು ಟವೆಲಿನ ಒಳಗಿಂದಲೇ ಮಗುಚಿ, ಹಿಂದಿನ ಮೊಳೆಗಳನ್ನು ಕತ್ತಿಯ ತುದಿಯಿಂದ ಎಬ್ಬಿಸಿ, ಗಾಜನ್ನು ಬೇರೆ ಮಾಡಿ ರಾಜಾಮಣಿಯ ಕೈಗೆ ಕೊಟ್ಟ.

“ಗಾಜು ನೀವೇ ಇಟ್ಕೊಳ್ಳಿ,” ಅಂದ. “ಇದರಲ್ಲಿ ನಮ್ಮ ಮುಖನೂ ಕಾಣ್ತದೆ. ಅದು ಅವಳ ಜೊತೆ ಹೋಗೋದು ಬೇಡ.”

ಆಗ ಚೆನ್ನಿ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತು, ರಾಜಾಮಣಿಯ ಮೊಣಕಾಲಿನ ಮೇಲೆ ಕೈ ಇಟ್ಟಳು. “ಇದು ಬಿಟ್ರೆ ಇನ್ನೆಲ್ಲಾದ್ರೂ ಇದೆಯಾ ಅಮ್ಮಾ? ಇದ್ರೆ ಈಗಲೇ ಹೇಳಿ. ಕಾರ್ಯ ಮುಂದಕ್ಕೆ ಹಾಕ್ತೀವಿ. ಎಲ್ಲಿದ್ರೂ ಹೋಗಿ ತರ್ತೀನಿ. ನಡ್ಕೊಂಡು ಹೋಗ್ತೀನಿ.”

ಸುಂದರನ ಕಂಪ್ಯೂಟರಿನಲ್ಲಿ ಒಂದಿತ್ತು. ಅವನು ಊಟಿಗೆ ಕೊಟ್ಟಿದ್ದ ಸಿ.ಡಿ.ಯಲ್ಲಿ ಒಂದು. ಊಟಿಯ ಯಂತ್ರದೊಳಗೆ ಒಂದು, ಅಲ್ಲಿಂದಾಚೆ ಎಲ್ಲೆಲ್ಲಿಯೋ ಯಾರಿಗೆ ಗೊತ್ತು. ಈ ಹೆಂಗಸು ಅಲ್ಲಿಗೆಲ್ಲ ನಡೆದುಕೊಂಡು ಹೋಗಿ, ಒಂದೊಂದು ಬಾಗಿಲಲ್ಲೂ ಒಳಗೆ ಕರೆಯುವ ತನಕ ನಿಂತು, ಮುಖ ಕೊಡಿ ಅನ್ನುವುದು ರಾಜಾಮಣಿಯ ಕಣ್ಣಿಗೆ ಕಟ್ಟಿತು. ಯಾರೂ ಕೊಡುವುದಿಲ್ಲ. ಕೊಡಬೇಕೆಂದರೂ ಕೊಡಲು ಬರುವುದಿಲ್ಲ. ಕಾರ್ಯ ಎಂದಿಗೂ ಆಗುವುದಿಲ್ಲ.

“ಇಲ್ಲ ಚೆನ್ನಿ,” ಅಂದಳು. “ಇನ್ನೆಲ್ಲೂ ಇಲ್ಲ. ಇದೇ ಕೊನೇದು.”

ಚೆನ್ನಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು, ಟವೆಲಿನಲ್ಲಿ ಸುತ್ತಿದ್ದನ್ನು ಬುಟ್ಟಿಯೊಳಗೆ, ಲಂಗಗಳ ಕೆಳಗೆ, ಮುಖ ಅಡಿಯಾಗುವ ಹಾಗೆ ಇಟ್ಟಳು.

ರಾಜಾಮಣಿ ಮರುದಿನ ಬೆಳಿಗ್ಗೆ ಮೊದಲು ಹೋದದ್ದು ಸ್ಟುಡಿಯೋಗೆ. ಅಳಿಸು ಅಂದಳು. ಸುಂದರ್ ಯಾಕೆ ಅಂತ ಕೇಳಿ, ಅವಳ ಮುಖ ನೋಡಿ, ಮುಂದೆ ಕೇಳದೆ ಒಂದು ಗುಂಡಿ ಒತ್ತಿದ. ವಸಂತಿ ಇದ್ದ ಜಾಗಕ್ಕೆ ಇನ್ಯಾರದೋ ಮದುವೆಯ ಫೋಟೋ ಬಂತು. ಹೇಳಿದ್ದ ಸುಳ್ಳಿನಲ್ಲಿ ಇಷ್ಟಾದರೂ ನಿಜವಾಯಿತು ಅಂದುಕೊಂಡು ಕಚೇರಿಗೆ ಬಂದಳು.

“ಊಟಿಯವರಿಗೆ ಒಂದು ಪತ್ರ ಹಾಕೋಣ ಸಾರ್. ಹೆಸರು ತೆಗೆಯೋ ಜೊತೆಗೆ ಆ ಹುಡುಗಿಯ ಫೋಟೋನೂ ಯಂತ್ರದಿಂದ ತೆಗೀಲಿ ಅಂತ.”

ಗೋಪಾಲನ್ ಪೆನ್ನು ಕೆಳಗಿಟ್ಟರು. ಅವಳು ನಿನ್ನೆಯದೆಲ್ಲ ಹೇಳಿದಳು. ಅವರು ತಮಾಷೆ ಮಾಡಲಿಲ್ಲ.

“ಸೇರಿಸೋಕೆ ಫಾರಂ ಇದೆ,” ಅಂದರು ಕೊನೆಗೆ. “ತೆಗೆಯೋಕೆ ಇದೆ, ತಿದ್ದೋಕೆ ಇದೆ. ಹೆಸರು ತೆಗೀತಾರೆ. ಮುಖ ಅಳಿಸೋಕೆ ಯಾವ ಫಾರಮ್ಮೂ ಇಲ್ಲ ರಾಜಾಮಣಿ. ಇದ್ರೂ ಅವರು ಅಳಿಸಲ್ಲ, ದಾಖಲೆ ಅಂತಾರೆ. ಪತ್ರ ಬೇಕಾದ್ರೆ ಹಾಕಿ. ಸಹಿ ಮಾಡ್ತೀನಿ.”

ಅವಳು ಪತ್ರ ಹಾಕಿದಳು. ಅವರು ಸಹಿಯನ್ನೂ ಮಾಡಿದರು. ಉತ್ತರ ಬರಲಿಲ್ಲ. ಮುಂದಿನ ಪಟ್ಟಿಯಲ್ಲಿ ವಸಂತಿಯ ಹೆಸರು ಇರಲಿಲ್ಲ ಎಂಬುದನ್ನು ಮಾತ್ರ ಅವಳು ಬೆರಳಿಟ್ಟು ನೋಡಿಕೊಂಡಳು.

ಫೆಬ್ರವರಿಯಲ್ಲಿ ಮತ್ತೆ ತಡವಾದ ಅರ್ಜಿಗಳು ಬಂದವು, ಮತ್ತೆ ಪೆಟ್ಟಿಗೆ ತುಂಬಿತು. ಒಂದು ಸಂತೆಯ ದಿನ ಚೆನ್ನಿ ಕಿಟಕಿಯ ಹತ್ತಿರ ಬಂದು ನಿಂತಳು. ಕತ್ತಿಗೆ ಮಣಿಸರ ಬಂದಿತ್ತು. ಕೈಯಲ್ಲಿ ಉಪ್ಪು, ಒಣಮೆಣಸಿನಕಾಯಿಯ ಪೊಟ್ಟಣ. ರಾಜಾಮಣಿ ಎದ್ದು ಹೊರಗೆ ಹೋದಳು. ಇಬ್ಬರೂ ಜಗಲಿಯ ಕಟ್ಟೆಯ ಮೇಲೆ ಕೂತರು.

“ಕಾರ್ಯ ಚೆನ್ನಾಗಿ ಆಯ್ತಾ?”

“ಆಯ್ತು ಅಮ್ಮಾ. ಹೋದಳು. ಅವತ್ತಿಂದ ಒಂದು ದಿನನೂ ಬಂದಿಲ್ಲ. ಅಂಗಳದ ತುದಿ ಖಾಲಿ ಇದೆ.”

“ಒಳ್ಳೇದಾಯ್ತು ಬಿಡು.”

“ಹೂಂ. ಒಳ್ಳೇದೇ.” ಚೆನ್ನಿ ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. “ಮೊದಲು ಕನಸಿನಲ್ಲಾದ್ರೂ ನೋಡ್ತಿದ್ದೆ. ಯಾಕೆ ನಿಂತಿದ್ದೀಯೇ ಹೋಗು ಅಂತ ಬೈತಿದ್ದೆ. ಈಗ ಬೈಯೋಕೂ ಇಲ್ಲ. ಮೊನ್ನೆ ನೀರು ತರೋವಾಗ ನೆನೆಸಿಕೊಂಡೆ, ಹುಬ್ಬು ಹೇಗಿತ್ತು ಅಂತ. ಒಂದು ಹುಬ್ಬು ಸ್ವಲ್ಪ ಮೇಲಿತ್ತು ಅವಳದು. ಯಾವ ಕಡೆಯದು ಅಂತ ಗೊತ್ತಾಗಲಿಲ್ಲ. ಕೊಡ ಅಲ್ಲೇ ಇಟ್ಟು ಕೂತುಬಿಟ್ಟೆ. ಗಂಡನ್ನ ಕೇಳಿದೆ. ಅವನಿಗೂ ಗೊತ್ತಿಲ್ಲ.”

ಎಡಗಡೆಯದು. ರಾಜಾಮಣಿಗೆ ಗೊತ್ತಿತ್ತು. ಡ್ರಾಯರಿನಲ್ಲಿ ಮೂರು ತಿಂಗಳು, ಸುಂದರನ ಪರದೆಯ ಮೇಲೆ ಒಂದು ಮಧ್ಯಾಹ್ನ, ಆಮೇಲೆ ಒಂದು ವಾರ ತನ್ನ ಮನೆಯಲ್ಲಿ ಅವಳು ಆ ಮುಖವನ್ನು ನೋಡಿದ್ದಳು. ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೆ ಅದೂ ಒಂದು ಮುಖ ಕೊಟ್ಟ ಹಾಗೆಯೇ ಆಗುತ್ತದೆಯೋ ಏನೋ. ಸುಮ್ಮನಾದಳು.

ಸಂತೆಯ ಕಡೆಯಿಂದ ಜನ ಬಂದು ಹೋಗುತ್ತಿದ್ದರು. ಚೆನ್ನಿ ತಗ್ಗಿದ ದನಿಯಲ್ಲಿ, ಅತ್ತ ನೋಡುತ್ತಲೇ ಕೇಳಿದಳು:

“ಇನ್ನೆಲ್ಲೂ ಇಲ್ಲ ಅಂದ್ರಲ್ಲ ಅಮ್ಮಾ ಅವತ್ತು. ಅದು ನಿಜ ಅಲ್ವಾ?”

ಅವಳಿಗೆ ಯಾವ ಉತ್ತರ ಬೇಕಾಗಿದೆಯೆಂದು ತಿಳಿಯಲು ರಾಜಾಮಣಿ ಅವಳ ಕೆನ್ನೆಯನ್ನು, ಕಿವಿಯ ಹತ್ತಿರ ಬೆಳ್ಳಗಾದ ಕೂದಲನ್ನು ನೋಡಿದಳು. ಮಗಳು ಪೂರ್ತಿ ಹೋದಳೆಂಬ ಧೈರ್ಯ ಬೇಕೋ, ಎಲ್ಲೋ ಒಂದು ಕಡೆ ಅವಳ ಮುಖ ಇನ್ನೂ ಇದೆಯೆಂಬ ಮಾತು ಬೇಕೋ. ಬಹುಶಃ ಚೆನ್ನಿಗೂ ಗೊತ್ತಿರಲಿಲ್ಲ. ಇದೆ ಅಂದರೆ ಇವತ್ತೇ ಬಸ್ಸು ಹತ್ತಿಯಾಳು, ತರಲಿಕ್ಕೋ ನೋಡಲಿಕ್ಕೋ. ಎರಡರಲ್ಲಿ ಯಾವುದೂ ಅವಳಿಗೆ ಅಲ್ಲಿ ಸಿಗುವುದಿಲ್ಲ. ಹೋದ ಸಲ ಚೆನ್ನಿಗೆ ಬೇಕಾದದ್ದು ತನಗೆ ಗೊತ್ತು ಅಂದುಕೊಂಡೇ ರಾಜಾಮಣಿ ಕೆಡಿಸಿದ್ದಳು. ಈ ಸಲ ಗೊತ್ತಿಲ್ಲದೆಯೇ ಹೇಳಬೇಕಾಗಿತ್ತು.

“ನಿಜ ಚೆನ್ನಿ. ಎಲ್ಲೂ ಇಲ್ಲ.”

ಚೆನ್ನಿ ತಲೆಯಾಡಿಸಿದಳು. “ಹಾಗೇ ಇರಲಿ,” ಅಂದಳು. ಎದ್ದು ಸೀರೆಯ ನೆರಿಗೆ ಕೊಡವಿ, “ಬಸ್ಸಿಗೆ ಹೊತ್ತಾಯ್ತು” ಅಂತ ಹೇಳಿ ಮೆಟ್ಟಿಲಿಳಿದಳು. ರಸ್ತೆಯಾಚೆ ತೊರಪಳ್ಳಿಯ ಬಸ್ಸು ನಿಂತಿತ್ತು. ಅವಳು ಹತ್ತಿ, ಕಿಟಕಿಯ ಪಕ್ಕದಲ್ಲಿ ಜಾಗವಿದ್ದರೂ ಒಳಗಿನ ಸೀಟಿನಲ್ಲಿ ಕೂತಳು. ರಾಜಾಮಣಿ ಬಸ್ಸು ತಿರುವು ದಾಟುವ ತನಕ ಜಗಲಿಯಲ್ಲೇ ನಿಂತಿದ್ದಳು. ಒಳಗಿನಿಂದ ಗೋಪಾಲನ್, ಯಾರೋ ಅರ್ಜಿ ಹಿಡಿದು ಕಾಯುತ್ತಿದ್ದಾರೆ ಬನ್ನಿ ಎಂದು ಎರಡು ಸಲ ಕರೆದರು.